ಯಾರ ಲೆಕ್ಕ ಸರಿ? ಪೂರ್ವಗ್ರಹ ಮತ್ತು ವಸ್ತುನಿಷ್ಠತೆ: ಒಂದು ಸಮೀಕ್ಷೆ

1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಮಂದಿ? ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲೇ ನಿಂತಿತು. ಜನರ ಲೆಕ್ಕ ಮೂವತ್ತು ದಾಟಿತು. ವಿಚಾರಣೆಗೆ ಸಮಿತಿಯೊಂದು ಬಂತು. ಅದರ ಮುಖ್ಯಸ್ಥರು ಸಂಸ್ಥಾನದವರಲ್ಲ, ಮದರಾಸು ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸರ್ ವೇಪ ರಾಮೇಶಂ. ಹೊರಗಿನವರಾದರೆ ಯಾರ ಕಡೆಗೂ ವಾಲುವುದಿಲ್ಲ ಎಂಬ ನಂಬಿಕೆ ಅಂದಿಗೂ ಇತ್ತು, ಇಂದಿಗೂ ಇದೆ. ಆದರೂ ವಿದುರಾಶ್ವತ್ಥದ ಹುತಾತ್ಮರ ನೆನಪು ಉಳಿದು ಬಂದಿರುವುದು ಜನರ ಲೆಕ್ಕದಲ್ಲಿಯೇ.

ಹೆಣ ಎಣಿಸುವುದಕ್ಕಿಂತ ಸರಳವಾದ ಲೆಕ್ಕ ಇನ್ನಾವುದಿದೆ? ಅದೂ ಎಣಿಸುವವರ ಮೇಲೆ ನಿಲ್ಲುವುದಾದರೆ ಮನುಷ್ಯರು ಯಾವುದನ್ನಾದರೂ ಇದ್ದದ್ದು ಇದ್ದ ಹಾಗೆ ನೋಡಬಲ್ಲರೇ ಎಂಬ ಪ್ರಶ್ನೆ ಏಳುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಎರಡು ಲೆಕ್ಕಗಳಿವೆ ಎಂದ ಮಾತ್ರಕ್ಕೆ ಲೆಕ್ಕವೇ ಇಲ್ಲ ಎಂದಾಗುವುದಿಲ್ಲ. ಆ ದಿನ ಸತ್ತವರು ಇಷ್ಟೇ ಮಂದಿ ಎಂಬ ಒಂದು ಸಂಖ್ಯೆ ಇದ್ದೇ ಇತ್ತು. ‘ಎಲ್ಲವೂ ಅವರವರ ದೃಷ್ಟಿ’ ಎಂದು ಕೈತೊಳೆದುಕೊಳ್ಳುವವರಿಗೆ ಆ ಸಂಖ್ಯೆ ಅಡ್ಡ ಬರುತ್ತದೆ. ‘ನಾವು ಹೇಳಿದ್ದೇ ವಾಸ್ತವ’ ಎನ್ನುವ ಸರ್ಕಾರಗಳಿಗೂ ಅದು ಅಡ್ಡ ಬರುತ್ತದೆ. ಈ ಲೇಖನದ ಚರ್ಚೆಯೆಲ್ಲ ಈ ಎರಡು ತುದಿಗಳ ನಡುವಿನದು. ಇದಕ್ಕೆ ಬೇಕಾದ ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯೊಳಗೇ, ಕೆಂಚಾರ್ಲಹಳ್ಳಿಯಿಂದ ಮುದ್ದೇನಹಳ್ಳಿಯವರೆಗೆ, ಬೇಕಾದಷ್ಟು ಸಿಗುತ್ತವೆ.

ಹಳೆಯ ಜಗಳ

ಪೂರ್ವಗ್ರಹದ ಚಿಂತೆ ಪಶ್ಚಿಮದಿಂದ ಬಂದದ್ದು ಎಂಬ ಭಾವನೆ ನಮ್ಮ ಓದುಗರಲ್ಲಿ ಸಾಮಾನ್ಯ. ಆದರೆ ಅದು ನಿಜವಲ್ಲ. ನಮ್ಮ ನೈಯಾಯಿಕರು ಚರ್ಚೆಯನ್ನೇ ಮೂರು ಬಗೆಯಾಗಿ ವಿಂಗಡಿಸಿದ್ದರು. ಸತ್ಯ ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೇನನ್ನೂ ಹೇಳದೆ ಎದುರಾಳಿಯದ್ದನ್ನು ಕೆಡವುವುದಷ್ಟೇ ವಿತಂಡ. ಟಿವಿ ಚರ್ಚೆಗಳಿಗೆ ಇದಕ್ಕಿಂತ ಒಳ್ಳೆಯ ವರ್ಗೀಕರಣ ಇನ್ನೂ ಬಂದಿಲ್ಲ. ಇನ್ನೊಬ್ಬರ ಮಾತನ್ನು ಯಾವಾಗ ನಂಬಬೇಕು ಎಂಬುದಕ್ಕೆ ಅವರ ಉತ್ತರ ‘ಆಪ್ತ’: ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಹಾಗೆಯೇ ಹೇಳಬಯಸುವವನು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲೊಂದು ದಿಟ್ಟ ಮಾತು ಸೇರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎನ್ನುತ್ತಾನೆ. ಸಾಕ್ಷಿಯ ಬೆಲೆ ಅವನ ಕುಲದಲ್ಲಿಲ್ಲ ಎಂದು ಗ್ರಂಥದಲ್ಲಿ ಬರೆದಿತ್ತು. ಊರಿನ ಪಂಚಾಯಿತಿ ಕಟ್ಟೆಗೆ ಅದು ಎಷ್ಟರಮಟ್ಟಿಗೆ ತಲುಪಿತು ಎಂಬುದು ಬೇರೆ ಮಾತು.

ಜೈನರು ಇನ್ನೊಂದು ದಾರಿ ಹಿಡಿದರು. ವಸ್ತುವಿಗೆ ಹಲವು ಮುಖಗಳು, ಪ್ರತಿ ಹೇಳಿಕೆಯೂ ಒಂದು ಮುಖದಿಂದ ಮಾತ್ರ ನಿಜ ಎಂಬುದು ಅನೇಕಾಂತ. ಹಾಗಾದರೆ ಅನೇಕಾಂತವೂ ಒಂದು ಮುಖದಿಂದ ಮಾತ್ರ ನಿಜವೇ? ಎಲ್ಲವನ್ನೂ ‘ಒಂದು ರೀತಿಯಲ್ಲಿ ಹೌದು, ಒಂದು ರೀತಿಯಲ್ಲಿ ಅಲ್ಲ’ ಎನ್ನುವವನ ಉಪದೇಶವನ್ನು ನಂಬಿ ನಡೆಯುವುದು ಹೇಗೆ ಎಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಕುಟುಕಿದರು. ಅವರಿಗಿಂತ ಮೊದಲೇ ದಿಗಂಬರ ಆಚಾರ್ಯ ಸಮಂತಭದ್ರ, ಹೌದು, ಅನೇಕಾಂತಕ್ಕೂ ಅನೇಕಾಂತವೇ ಅನ್ವಯ ಎಂದು ಒಪ್ಪಿಕೊಂಡಿದ್ದರು. ಇಪ್ಪತ್ತನೆಯ ಶತಮಾನದ ವಿಶ್ವವಿದ್ಯಾಲಯಗಳಲ್ಲಿ ಸಾಪೇಕ್ಷವಾದದ ಬಗ್ಗೆ ನಡೆದ ಜಗಳದ ಬೀಜ ಪೂರ್ತಿಯಾಗಿ ಇಲ್ಲಿಯೇ ಇದೆ.

ಯುರೋಪಿನಲ್ಲಿ ಫ್ರಾನ್ಸಿಸ್ ಬೇಕನ್ 1620ರಲ್ಲಿ ಬುದ್ಧಿಯನ್ನು ಮಂಕುಗೊಳಿಸುವ ನಾಲ್ಕು ವಿಗ್ರಹಗಳನ್ನು ಪಟ್ಟಿ ಮಾಡಿದ: ಮನುಷ್ಯಜಾತಿಗೇ ಅಂಟಿದವು, ವ್ಯಕ್ತಿಯ ಸ್ವಂತ ಗವಿಯವು, ಮಾತಿನ ಪೇಟೆಯವು, ಸಿದ್ಧಾಂತಗಳ ರಂಗಮಂಟಪದವು. ಇವನ್ನು ಒಡೆದು ತೆಗೆದರೆ ಶುದ್ಧ ಕಣ್ಣು ಉಳಿಯುತ್ತದೆ ಎಂಬುದು ಅವನ ಭರವಸೆ. ಕುತೂಹಲದ ಸಂಗತಿಯೆಂದರೆ, ವಿಜ್ಞಾನಿ ತನ್ನನ್ನೇ ಅಳಿಸಿಕೊಳ್ಳಬೇಕು ಎಂಬ ಆದರ್ಶಕ್ಕೆ ಅಷ್ಟು ವಯಸ್ಸಾಗಿಲ್ಲ. ಲೊರೇನ್ ಡಾಸ್ಟನ್ ಮತ್ತು ಪೀಟರ್ ಗ್ಯಾಲಿಸನ್ 2007ರ ತಮ್ಮ ಗ್ರಂಥದಲ್ಲಿ ಅದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೇರೂರಿದ್ದು ಎಂದು ತೋರಿಸುತ್ತಾರೆ. ಅದಕ್ಕೆ ಮುಂಚೆ ಸಸ್ಯಶಾಸ್ತ್ರದ ಚಿತ್ರಕಾರ ನೂರು ಎಲೆಗಳನ್ನು ನೋಡಿ ಒಂದು ‘ಮಾದರಿ’ ಎಲೆಯನ್ನು ಬರೆಯುತ್ತಿದ್ದ. ಹಾಗೆ ಆರಿಸುವುದೇ ಅವನ ಹಿರಿಮೆಯಾಗಿತ್ತು. ಫೋಟೋಗ್ರಫಿ ಬಂದ ಮೇಲೆ ಅದೇ ಆಯ್ಕೆ ಅನುಮಾನಕ್ಕೆ ಒಳಗಾಯಿತು, ಯಂತ್ರ ಕಂಡದ್ದೇ ಸತ್ಯವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಎಕ್ಸ್‌ರೇ ಓದಲು ಕಡೆಗೂ ಪಳಗಿದ ಕಣ್ಣೇ ಬೇಕು ಎಂಬುದು ಅರಿವಾಗಿ ನುರಿತವರ ತೀರ್ಮಾನಕ್ಕೆ ಮತ್ತೆ ಮರ್ಯಾದೆ ಬಂತು. ಅಂದರೆ ವಸ್ತುನಿಷ್ಠತೆಗೇ ಒಂದು ಚರಿತ್ರೆ ಇದೆ, ಅದು ಒಂದೇ ಅರ್ಥದಲ್ಲಿ ನಿಂತಿಲ್ಲ.

ಪರೀಕ್ಷೆಗೆ ಒಡ್ಡಿ ಎಂದವರು

ಪೂರ್ವಗ್ರಹವನ್ನು ಏನು ಮಾಡಬೇಕು ಎಂಬುದಕ್ಕೆ ಇಂದು ನಾಲ್ಕು ಪಂಥಗಳ ಉತ್ತರಗಳಿವೆ. ಮೊದಲ ಪಂಥದ ಉತ್ತರ ನೇರ: ಪೂರ್ವಗ್ರಹ ರೋಗ, ಪರೀಕ್ಷೆ ಮದ್ದು. ಕರ್ನಾಟಕದಲ್ಲಿ ಇದನ್ನು ಬದುಕಿ ತೋರಿಸಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ, ‘ಎಚ್ಚೆನ್’ ಎಂದೇ ಹೆಸರಾದ ಡಾ. ಎಚ್. ನರಸಿಂಹಯ್ಯ. ಬಡ ಕುಟುಂಬದ ಹುಡುಗ, 1942ರ ಚಳವಳಿಯಲ್ಲಿ ಜೈಲು, ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್‌.ಡಿ., ಮರಳಿ ಬಂದು ನ್ಯಾಷನಲ್ ಕಾಲೇಜಿನಲ್ಲಿ ಅದೇ ಖಾದಿ, ಅದೇ ಗಾಂಧಿ ಟೋಪಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರಿಶೀಲಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 42ನೆಯ ತಿದ್ದುಪಡಿ ಬರೆದದ್ದೂ ಅದೇ ವರ್ಷ. ತುರ್ತು ಪರಿಸ್ಥಿತಿಯಲ್ಲಿ, ಪ್ರಶ್ನೆ ಕೇಳುವವರೆಲ್ಲ ಜೈಲಿನಲ್ಲಿದ್ದಾಗ, ಪ್ರಶ್ನಿಸುವುದು ಕರ್ತವ್ಯವಾಯಿತು!

ಸಮಿತಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆಯಿತು: ಪವಾಡಗಳನ್ನು ನಿಯಂತ್ರಿತ ಪರಿಸ್ಥಿತಿಯಲ್ಲಿ ತೋರಿಸಿ. ಬಾಬಾ ಒಪ್ಪಲಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನೊಬ್ಬನ ಕೈಚಳಕವನ್ನು ಮಾತ್ರ ಸಮಿತಿ ಬಯಲು ಮಾಡಿತು. ಪುಟ್ಟಪರ್ತಿ ಬಾಗೇಪಲ್ಲಿ ಗಡಿಯಿಂದ ಬಹಳ ದೂರವೇನಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಬಾಬಾ ಫೋಟೋ ತೂಗಿದೆ, ಅದೇ ಮನೆಗಳ ಮಕ್ಕಳು ಎಚ್ಚೆನ್ ಕಟ್ಟಿ ಬೆಳೆಸಿದ ನ್ಯಾಷನಲ್ ಕಾಲೇಜುಗಳಲ್ಲಿ ಓದಿದ್ದಾರೆ.

ಎಚ್ಚೆನ್ ಮೇಲೆ ಬಂದ ಆಕ್ಷೇಪ ಗಮನಿಸಬೇಕಾದದ್ದು: ಪವಾಡವಿಲ್ಲ ಎಂದು ಮೊದಲೇ ನಂಬಿದವರು ತನಿಖೆಗೆ ಕೂತರೆ ಅದು ಪೂರ್ವಗ್ರಹವಲ್ಲವೇ? ಹೌದು, ಅವರಿಗೆ ಮೊದಲೇ ಒಂದು ನಿಲುವಿತ್ತು. ಆದರೆ ಆ ನಿಲುವು ಸೋಲಬಹುದಾದ ಒಂದು ಬಾಗಿಲನ್ನು ಅವರು ತೆರೆದಿಟ್ಟಿದ್ದರು. ಎಲ್ಲರೆದುರು, ಒಪ್ಪಿದ ಷರತ್ತಿನಲ್ಲಿ, ಪವಾಡ ನಡೆದಿದ್ದರೆ ಬಿದ್ದುಹೋಗುತ್ತಿದ್ದದ್ದು ಅವರ ಮರ್ಯಾದೆಯೇ. ಕಾರ್ಲ್ ಪಾಪರ್ ವಿಜ್ಞಾನದ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ವಿಜ್ಞಾನಿಯೂ ಎಲ್ಲರಷ್ಟೇ ಹಟಮಾರಿ. ವಸ್ತುನಿಷ್ಠತೆ ಇರುವುದು ಅವನ ಎದೆಯಲ್ಲಲ್ಲ, ಅವನನ್ನು ಟೀಕಿಸಲು ಬೇರೆಯವರಿಗೆ ಇರುವ ಅವಕಾಶದಲ್ಲಿ. ಈ ಪಂಥ ಪವಾಡವನ್ನು ವಿವರಿಸುತ್ತದೆ, ಔಷಧದ ಪರೀಕ್ಷೆಯನ್ನು ವಿವರಿಸುತ್ತದೆ. ಮರುಕಳಿಸಲಾಗದ ಘಟನೆಯ ಮುಂದೆ, ಒಂದು ಕೊಲೆ ಅಥವಾ ಒಂದು ಗೋಲಿಬಾರಿನ ಮುಂದೆ, ಅದು ಸೊರಗುತ್ತದೆ.

ಮನಸ್ಸಿನ ಅಡ್ಡದಾರಿಗಳು, ಕೈಯ ತಿಳಿವಳಿಕೆ

ಎರಡನೆಯ ಪಂಥ ಮನಶ್ಶಾಸ್ತ್ರಜ್ಞರದು. 1974ರಲ್ಲಿ ಏಮೋಸ್ ಟ್ವರ್ಸ್ಕಿ ಮತ್ತು ಡ್ಯಾನಿಯಲ್ ಕಾನೆಮನ್ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಪ್ರಯೋಗ ಬರುತ್ತದೆ. ಅದೃಷ್ಟಚಕ್ರ ತಿರುಗಿಸಿ, ನಿಂತ ಸಂಖ್ಯೆಯನ್ನು ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಜನರನ್ನು ಕೇಳಿದರು. ಚಕ್ರ 10ರಲ್ಲಿ ನಿಂತಾಗ ನಡುಮಟ್ಟದ ಉತ್ತರ 25, 65ರಲ್ಲಿ ನಿಂತಾಗ 45. ಸಂಬಂಧವೇ ಇಲ್ಲದ ಸಂಖ್ಯೆಯೊಂದು ಮನಸ್ಸಿಗೆ ಗೂಟ ಹೊಡೆದು ಕಟ್ಟಿಹಾಕಿತು. ಅವಸರದಲ್ಲಿ ಮನಸ್ಸು ಅಡ್ಡದಾರಿ ಹಿಡಿಯುತ್ತದೆ, ಅಡ್ಡದಾರಿ ಒಂದೇ ದಿಕ್ಕಿಗೆ ತಪ್ಪಿಸುತ್ತದೆ ಎಂಬುದು ಅವರ ವಾದ. ಹರಾಜು ಕಟ್ಟೆಯಲ್ಲಿ ನಿಂತ ಯಾವ ರೈತನಿಗೂ ಇದು ಹೊಸದಲ್ಲ. ಮೊದಲ ಕೂಗು ಎಷ್ಟಕ್ಕೆ ಬಿತ್ತು ಎಂಬುದರ ಮೇಲೆ ಕೊನೆಯ ಕೂಗು ನಿಲ್ಲುತ್ತದೆ.

ಈ ಪಂಥ ಕಂಡುಹಿಡಿದ ಇನ್ನೊಂದು ಸಂಗತಿ, ಜನ ಬೇರೆಯವರ ಪೂರ್ವಗ್ರಹವನ್ನು ಚೆನ್ನಾಗಿ ಗುರುತಿಸುತ್ತಾರೆ, ತಮ್ಮದನ್ನಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಕಾಣುತ್ತದೆ; ಹೆತ್ತವರಿಗೆ ಹೆಗ್ಗಣವೂ ಮುದ್ದು. (ನಮ್ಮ ಗಾದೆಗಳಲ್ಲಿ ಪಕ್ಷಪಾತದ ಮಾತು ಬಂದಾಗಲೆಲ್ಲ ಹೆಗ್ಗಣವೇ ಯಾಕೆ ಹಾಜರಾಗುತ್ತದೋ ತಿಳಿಯದು.)

ಗೆರ್ಡ್ ಗಿಗೆರೆನ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಇದಕ್ಕೆ ಎದುರು ನಿಂತರು. ಅಡ್ಡದಾರಿಗಳು ದೋಷವಲ್ಲ, ಮಾಹಿತಿ ಕಡಿಮೆ, ಸಮಯ ಕಡಿಮೆ ಇರುವ ಲೋಕದಲ್ಲಿ ಬದುಕಲು ಬೇಕಾದ ಹತ್ಯಾರುಗಳು ಎಂದರು. ಪ್ರಯೋಗಾಲಯದಲ್ಲಿ ತಪ್ಪೆನಿಸಿದ್ದು ಬಯಲಿನಲ್ಲಿ ಸರಿಯಾಗಿರಬಹುದು.

ಇವರಿಬ್ಬರ ಜಗಳವನ್ನು ಕಣ್ಣಾರೆ ನೋಡಬೇಕಾದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಬೇಕು. ಚಂದ್ರಿಕೆಯಿಂದ ಬಿಡಿಸಿ ತಂದ ಗೂಡನ್ನು ರೈತ ಸುರಿದು ನಿಂತಿರುತ್ತಾನೆ. ನೂಲು ತೆಗೆಯುವ ರೀಲರ್ ಬಂದು ಲಾಟಿನ ಅಡಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಮೇಲಿನದು ಯಾವಾಗಲೂ ಚೆನ್ನಾಗಿರುತ್ತದೆ ಎಂಬುದು ಅವನಿಗೆ ಗೊತ್ತು. ಎರಡು ಬೆರಳ ನಡುವೆ ಒತ್ತಿ ಗೂಡಿನ ಬಿಗಿ ನೋಡುತ್ತಾನೆ. ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳು ಸದ್ದು ಮಾಡುತ್ತದೆಯೋ, ಸತ್ತು ಕರಗಿ ಅಂಟಿದೆಯೋ ಕೇಳುತ್ತಾನೆ. ಕಲೆ ಬಿದ್ದದ್ದು, ಪೊರೆ ತೆಳುವಾದದ್ದು, ಎರಡು ಹುಳು ಸೇರಿ ಕಟ್ಟಿದ ಜಂಟಿ ಗೂಡು ಎಷ್ಟಿವೆ ಎಂದು ಕಣ್ಣಳತೆಯಲ್ಲೇ ಎಣಿಸುತ್ತಾನೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂಬ ಅಂದಾಜು ಅಷ್ಟರಲ್ಲೇ ಅವನ ತಲೆಯಲ್ಲಿ ಮುಗಿದಿರುತ್ತದೆ. ಇದು ಗಿಗೆರೆನ್ಸರ್ ಹೇಳಿದ ಹತ್ಯಾರು. ಆದರೆ ಅದೇ ರೀಲರಿಗೆ ಈ ಗೂಡು ಯಾವ ಊರಿನದು, ಆ ರೈತ ಯಾರ ಕಡೆಯವನು, ಹೋದ ಸಲ ಎಷ್ಟಕ್ಕೆ ಸೋತು ಕೊಟ್ಟ ಎಂಬುದೂ ಗೊತ್ತು. ಇದು ಕಾನೆಮನ್ ಹೇಳಿದ ಅಡ್ಡದಾರಿ. ತಿಳಿವಳಿಕೆಯೂ ಪಕ್ಷಪಾತವೂ ಬರುವುದು ಒಂದೇ ಕಡೆಯಿಂದ, ವರ್ಷಗಟ್ಟಲೆಯ ಒಡನಾಟದಿಂದ. ಕೈಯನ್ನೇ ಕತ್ತರಿಸಿದರೆ ಎರಡೂ ಹೋಗುತ್ತವೆ.

ಮಾರುಕಟ್ಟೆ ಕಂಡುಕೊಂಡ ಉಪಾಯ ಇ-ಹರಾಜು. ಲಾಟಿಗೆ ನಂಬರು ಬೀಳುತ್ತದೆ, ರೀಲರುಗಳು ಮೊಬೈಲಿನಲ್ಲಿ ದರ ಹಾಕುತ್ತಾರೆ, ಬಾಯಿ ಕೂಗಿಲ್ಲ, ಕಣ್ಸನ್ನೆಯಿಲ್ಲ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಗೂಡನ್ನು ನೋಡುವುದು ಮಾತ್ರ ಇಂದಿಗೂ ಬಹುಮಟ್ಟಿಗೆ ಕೈ, ಕಣ್ಣು, ಕಿವಿಗಳೇ. ನನಗೆ ಇದರಲ್ಲಿ ದೊಡ್ಡ ಪಾಠವೊಂದು ಕಾಣುತ್ತದೆ. ಇಲ್ಲಿ ಯಾರ ಮನಸ್ಸನ್ನೂ ತೊಳೆದಿಲ್ಲ. ಮನಸ್ಸು ಎಲ್ಲಿ ಬೇಕೋ ಅಲ್ಲಿ ಇಟ್ಟು, ಎಲ್ಲಿ ಬೇಡವೋ ಅಲ್ಲಿ ಪರದೆ ಎಳೆದಿದ್ದಾರೆ. ನಿಷ್ಪಕ್ಷಪಾತ ವ್ಯಕ್ತಿಯ ಗುಣವಾಗದೆ ಏರ್ಪಾಡಿನ ಗುಣವಾಗಿದೆ.

ಪೂರ್ವಗ್ರಹವೇ ಹೊಸ್ತಿಲು

ಮೂರನೆಯ ಪಂಥದ ಹಾನ್ಸ್-ಗೆಯೋರ್ಗ್ ಗಡಾಮರ್ 1960ರ ‘ಸತ್ಯ ಮತ್ತು ವಿಧಾನ’ದಲ್ಲಿ ಇನ್ನೂ ಮುಂದೆ ಹೋದರು. ಪೂರ್ವಗ್ರಹದ ವಿರುದ್ಧವೇ ಒಂದು ಪೂರ್ವಗ್ರಹ ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿತು ಎಂದರು. ಏನನ್ನೂ ಮೊದಲೇ ತಿಳಿಯದವನಿಗೆ ಏನೂ ಅರ್ಥವಾಗುವುದಿಲ್ಲ. ಭಾಷೆ, ಪರಂಪರೆ, ಬೆಳೆದ ಮನೆ ಕೊಟ್ಟ ಮುನ್ನರಿವಿನಿಂದಲೇ ಓದು ಆರಂಭವಾಗುತ್ತದೆ, ಓದುತ್ತ ಅದು ತಿದ್ದಿಕೊಳ್ಳುತ್ತದೆ. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಚಿಂತಾಮಣಿ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚರಿತ್ರೆಯ ಜಗಳಗಳಿಗೆ ಈ ವಾದ ಚೆನ್ನಾಗಿ ಹೊಂದುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿದ, ನಂದಿದುರ್ಗವನ್ನು 1791ರಲ್ಲಿ ಬ್ರಿಟಿಷರಿಗೆ ಕಳೆದುಕೊಂಡ ಟಿಪ್ಪುವನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಗೆದ್ದವರ ಕಡೆಯಿಂದ ಬರೆದ, ಕಿರ್ಮಾನಿ ಟಿಪ್ಪುವಿನ ಕಡೆಯವನಾಗಿ ಬರೆದ. 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಗಡಾಮರ್ ಹೇಳಿದ ಹಾಗೆ ಇವರೆಲ್ಲರೂ ತಮ್ಮ ಹೊಸ್ತಿಲಿನಿಂದಲೇ ಹೊರಟರು ನಿಜ. ಆದರೆ ಹೊಸ್ತಿಲು ದಾಟದೆ ಅಲ್ಲೇ ಕೂತವರಿಗೆ ಏನು ಹೇಳಬೇಕು ಎಂಬುದಕ್ಕೆ ಗಡಾಮರ್ ಬಳಿ ಗಟ್ಟಿ ಉತ್ತರವಿಲ್ಲ. ಪರಂಪರೆಯೇ ಕೆಲವರನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಇದ್ದಾಗ ಆ ಹೊಸ್ತಿಲು ಯಾರದು ಎಂಬ ಪ್ರಶ್ನೆಗಂತೂ ಇಲ್ಲವೇ ಇಲ್ಲ.

ಎಲ್ಲಿ ನಿಂತು ನೋಡುತ್ತೀರಿ?

ಆ ಪ್ರಶ್ನೆ ಎತ್ತಿದ್ದು ನಾಲ್ಕನೆಯ ಪಂಥ. ಕರ್ನಾಟಕದಲ್ಲಿ ಅದರ ಕಥೆ 1918ರಲ್ಲಿ ಶುರುವಾಗುತ್ತದೆ. ಪಾತ್ರಧಾರಿಗಳಲ್ಲಿ ಒಬ್ಬರು ಆಗ ಮೈಸೂರಿನ ದಿವಾನರಾಗಿದ್ದ, ಮುದ್ದೇನಹಳ್ಳಿಯ ಮಗ ಸರ್ ಎಂ. ವಿಶ್ವೇಶ್ವರಯ್ಯ.

ಸಂಸ್ಥಾನದ ಗೆಜೆಟೆಡ್ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ಹೋಯಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗುವಂತಾಗಬೇಕು ಎಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ವರದಿ ಬರುವಷ್ಟರಲ್ಲಿ ದಿವಾನರು ಕುರ್ಚಿ ಬಿಟ್ಟಾಗಿತ್ತು. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲಾಗಬೇಕು, ಹಿಂದುಳಿದವರಿಗೆ ಶಿಕ್ಷಣದ ನೆರವು ಕೊಡೋಣ ಎಂಬುದು ವಿಶ್ವೇಶ್ವರಯ್ಯನವರ ನಿಲುವು.

ಅವರ ಪ್ರಾಮಾಣಿಕತೆಯನ್ನು ಯಾರೂ ಅನುಮಾನಿಸಲಾರರು. ಸರ್ಕಾರದ ಮೇಣದಬತ್ತಿ, ಸ್ವಂತದ ಮೇಣದಬತ್ತಿ ಬೇರೆಬೇರೆ ಇಟ್ಟುಕೊಂಡಿದ್ದರೆಂಬ ಕಥೆಯನ್ನು ಇಲ್ಲಿನ ಪ್ರತಿ ಶಾಲೆಯಲ್ಲೂ ಹೇಳುತ್ತಾರೆ. ಅದಕ್ಕಾಗಿಯೇ ಈ ಪ್ರಸಂಗ ಮುಖ್ಯ. ಸ್ವಾರ್ಥವಿಲ್ಲದ, ಅಂಕಿ ಅಂಶವನ್ನು ಪ್ರೀತಿಸುವ, ಯಾರ ಪರವೂ ವಾಲಬಾರದೆಂದು ಹಟ ಹಿಡಿದ ಮನುಷ್ಯನಿಗೆ ತಕ್ಕಡಿಯೇ ಒಂದು ಕಡೆ ಬಾಗಿರುವುದು ಕಾಣಲಿಲ್ಲ. ಪರೀಕ್ಷೆಯ ಭಾಷೆ, ಪರೀಕ್ಷೆಗೆ ಓದುವ ಬಿಡುವು, ಓದಿಸುವ ತಂದೆ, ಇಷ್ಟೂ ಮೊದಲೇ ಒಬ್ಬರ ಮನೆಯಲ್ಲಿದ್ದು ಇನ್ನೊಬ್ಬರ ಮನೆಯಲ್ಲಿಲ್ಲದಾಗ ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಅರ್ಧವನ್ನೇ ಹೇಳುತ್ತದೆ. ನ್ಯಾಯ ಹೇಳಬೇಕೆಂದರೆ ಅವರ ವಾದದಲ್ಲೂ ಒಂದು ತಿರುಳಿದೆ: ಅಳತೆಗೋಲು ಸರಿಯಿಲ್ಲವೆಂದು ಅಳೆಯುವುದನ್ನೇ ಬಿಟ್ಟರೆ ನೇಮಕ ಮಾಡುವವರ ಮರ್ಜಿಗೆ ಬೀಳುತ್ತೇವೆ. ಅದರ ಅನುಭವವೂ ಈ ರಾಜ್ಯಕ್ಕಿದೆ.

ಇದನ್ನೇ ತತ್ವವಾಗಿ ಬೆಳೆಸಿದವರಲ್ಲಿ ಅಮೆರಿಕದ ಸ್ತ್ರೀವಾದಿ ಚಿಂತಕಿ ಸಾಂಡ್ರಾ ಹಾರ್ಡಿಂಗ್ ಒಬ್ಬರು. ಕೆಳಗೆ ನಿಂತವರಿಗೆ ಕಾಣುವ ಕೆಲವು ಸಂಗತಿಗಳು ಮೇಲೆ ಕೂತವರಿಗೆ ಕಾಣುವುದೇ ಇಲ್ಲ, ಆದ್ದರಿಂದ ಕೆಳಗಿನಿಂದ ಆರಂಭಿಸಿದ ಅರಿವು ದುರ್ಬಲವಲ್ಲ, ಹೆಚ್ಚು ಗಟ್ಟಿಯಾದ ವಸ್ತುನಿಷ್ಠತೆ ಎಂದರು. ನಮ್ಮಲ್ಲಿ 1970ರ ದಶಕದ ದಲಿತ–ಬಂಡಾಯ ಚಳವಳಿ ಇದೇ ಮಾತನ್ನು ಬೇರೆ ದನಿಯಲ್ಲಿ ಆಡಿತು. ಕೃತಿಯನ್ನು ಕೃತಿಯಾಗಿಯೇ ನೋಡಬೇಕು ಎಂಬ ನವ್ಯ ವಿಮರ್ಶೆಯ ‘ತಟಸ್ಥ’ ಓದುಗನ ಜಾತಿ ಯಾವುದು ಎಂದು ಕೇಳಿತು. ಕೇಳಿದ ಮೇಲೆ ಕನ್ನಡ ವಿಮರ್ಶೆ ಮೊದಲಿನಂತೆ ಉಳಿಯಲಿಲ್ಲ.

ಹಾಗಾದರೆ ಅನುಭವಿಸಿದವರು ಮಾತ್ರ ಹೇಳಬಹುದೇ? ಗೋಪಾಲ್ ಗುರು ಮತ್ತು ಸುಂದರ್ ಸರುಕ್ಕೈ 2012ರಲ್ಲಿ ತಂದ ‘ದಿ ಕ್ರ್ಯಾಕ್ಡ್ ಮಿರರ್’ ಪೂರ್ತಿ ಈ ಪ್ರಶ್ನೆಯ ಸುತ್ತ ನಡೆದ ಸಂವಾದ. ದಲಿತರ ಅನುಭವವನ್ನು ಬೇರೆಯವರು ಕಚ್ಚಾವಸ್ತುವಾಗಿ ಬಳಸಿ ಸಿದ್ಧಾಂತ ಕಟ್ಟುವುದರ ನೈತಿಕತೆಯನ್ನು ಗುರು ಪ್ರಶ್ನಿಸುತ್ತಾರೆ. ಅನುಭವದ ಒಡೆತನ ಎಂದರೆ ಏನು ಎಂದು ಸರುಕ್ಕೈ ಬಿಡಿಸಿ ನೋಡುತ್ತಾರೆ. ಇಬ್ಬರೂ ಬೇರೆ ಬೇರೆ ಕಡೆ ನಿಂತೇ ಒಂದು ಪುಸ್ತಕ ಬರೆದರು ಎಂಬುದು ನನಗೆ ಅವರ ವಾದಗಳಷ್ಟೇ ಮುಖ್ಯವಾಗಿ ಕಾಣುತ್ತದೆ.

ಕಂಬಾಲಪಲ್ಲಿ: ತಕ್ಕಡಿ ಸಮವಾಗಿಯೇ ಇತ್ತು

ಈ ಪಂಥಗಳೆಲ್ಲ ಒಟ್ಟಿಗೆ ಬಂದು ಎಡವುವ ಜಾಗ ಕೆಂಚಾರ್ಲಹಳ್ಳಿಯ ಆಸುಪಾಸಿನಲ್ಲಿದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಅದು ಕತ್ತಲಲ್ಲಿ ಯಾರೂ ನೋಡದ ಕೊಲೆಯಲ್ಲ, ಗುಂಪು ಸೇರಿ ಮಾಡಿದ್ದು. ಸತ್ತವರು ಏಳು ಜನ ಎಂಬುದರಲ್ಲಿ ತಕರಾರಿಲ್ಲ. ಸುಟ್ಟು ಸತ್ತರು ಎಂಬುದರಲ್ಲೂ ಇಲ್ಲ. ಮೊಕದ್ದಮೆ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ಬಿದ್ದರು. 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯಿತು.

ನ್ಯಾಯಾಧೀಶರು ಪಕ್ಷಪಾತಿಗಳಾಗಿದ್ದರೆಂದು ಹೇಳಿ ಇದನ್ನು ಮುಗಿಸಲು ಬರುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ಹೇಳಿಕೆ ನಮ್ಮ ಕಾನೂನಿನಲ್ಲಿ ಪುರಾವೆಯಲ್ಲ. ಲಾಠಿ ತೋರಿಸಿ ಹೇಳಿಕೆ ಬರೆಸಿಕೊಳ್ಳುವ ಪೊಲೀಸರಿಂದ ಆರೋಪಿಯನ್ನು ಕಾಪಾಡಲು ಮಾಡಿದ ನಿಯಮ ಅದು. ಒಳ್ಳೆಯ ನಿಯಮವೇ. ಸಾಕ್ಷಿ ಕಟಕಟೆಯಲ್ಲಿ ನಿಂತು ‘ನಾನು ನೋಡಿಲ್ಲ’ ಎಂದರೆ ನ್ಯಾಯಾಧೀಶರು ತಮ್ಮ ಅನುಮಾನದ ಮೇಲೆ ಶಿಕ್ಷೆ ಕೊಡಲಾಗದು. ಕೊಟ್ಟರೆ ಅದೇ ಪೂರ್ವಗ್ರಹ. ಪ್ರತಿಯೊಂದು ಹಂತವೂ ನಿಷ್ಪಕ್ಷಪಾತವಾಗಿಯೇ ಇತ್ತು. ಒಟ್ಟು ಫಲ, ಏಳು ಜನರನ್ನು ಕಾನೂನಿನ ಕಣ್ಣಿನಲ್ಲಿ ಯಾರೂ ಸುಟ್ಟಿಲ್ಲ.

ವಾತ್ಸ್ಯಾಯನನ ಆಪ್ತನಿಗೆ ಎರಡು ಲಕ್ಷಣಗಳಿದ್ದವು: ಬಲ್ಲವನು, ಹೇಳಬಯಸುವವನು. ಮೂರನೆಯದೊಂದು ಅವನಿಗೆ ಹೊಳೆಯಲಿಲ್ಲ: ಹೇಳಿಯೂ ಮರುದಿನ ಅದೇ ಊರಿನಲ್ಲಿ ಬದುಕಬಲ್ಲವನು. ಕೂಲಿ ಯಾರ ಹೊಲದಲ್ಲಿ, ಸಾಲ ಯಾರ ಬಳಿ, ನೀರು ಯಾರ ಬೋರ್‌ವೆಲ್ಲಿನದು ಎಂಬುದು ಸಾಕ್ಷ್ಯದ ಭಾಗವೆಂದು ಕಾನೂನು ಎಣಿಸುವುದಿಲ್ಲ. ಸಾಕ್ಷಿಗೆ ಅದೇ ಮೊದಲ ಎಣಿಕೆ.

ಕಾನೂನು ಈ ಪಾಠ ಕಲಿಯಲೇ ಇಲ್ಲ ಎನ್ನುವಂತಿಲ್ಲ. ತೀರ್ಪು ಕೊಡುವವರ ಬಗ್ಗೆಯಂತೂ ಅದು ಎಚ್ಚರವಾಗಿದೆ. 1969ರ ಕ್ರೈಪಾಕ್ ಪ್ರಕರಣದಲ್ಲಿ, ತಾನೇ ಅಭ್ಯರ್ಥಿಯಾಗಿದ್ದ ಅರಣ್ಯ ಅಧಿಕಾರಿಯೊಬ್ಬರು ಆಯ್ಕೆ ಮಂಡಳಿಯಲ್ಲೂ ಇದ್ದರು. ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋಗಿದ್ದರು. ಆದರೂ ಸುಪ್ರೀಂ ಕೋರ್ಟ್ ಆಯ್ಕೆಯನ್ನು ರದ್ದು ಮಾಡಿತು. ಪಕ್ಷಪಾತ ನಡೆದದ್ದನ್ನು ಸಾಬೀತು ಮಾಡಬೇಕಿಲ್ಲ, ನಡೆಯುವ ಸಹಜ ಸಾಧ್ಯತೆ ಇದ್ದರೆ ಸಾಕು ಎಂದಿತು. ಸಾಕ್ಷಿಗಳ ವಿಚಾರಕ್ಕೆ ಬಂದರೆ, ಸಾಕ್ಷಿಗಳು ತಿರುಗಿ ಬಿದ್ದಿದ್ದ ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣವನ್ನು 2004ರಲ್ಲಿ ಬೇರೆ ರಾಜ್ಯದಲ್ಲಿ ಮತ್ತೆ ವಿಚಾರಣೆಗೆ ಕಳುಹಿಸಿದ್ದು, ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಅಧ್ಯಾಯ ಸೇರಿದ್ದು, 2018ರಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಮುದ್ರೆ ಒತ್ತಿದ್ದು, ಎಲ್ಲವೂ ತಡವಾಗಿಯಾದರೂ ಬಂದವು. ಕಂಬಾಲಪಲ್ಲಿಯ ಪಾಲಿಗೆ ಇವು ಮಳೆ ನಿಂತ ಮೇಲೆ ಬಂದ ಕೊಡೆ.

ಹೆಲೆನ್ ಲಾಂಜಿನೊ ಎಂಬ ತತ್ವಜ್ಞೆ 1990ರಲ್ಲಿ ವಿಜ್ಞಾನದ ಬಗ್ಗೆ ಬರೆಯುತ್ತ, ವಸ್ತುನಿಷ್ಠತೆ ಸಮುದಾಯದ ಗುಣ, ಟೀಕೆಗೆ ವೇದಿಕೆ ಇರಬೇಕು, ಟೀಕೆಗೆ ಕಿವಿಗೊಡಬೇಕು, ಬೌದ್ಧಿಕ ಅಧಿಕಾರ ಸಮವಾಗಿ ಹಂಚಿರಬೇಕು ಎಂದರು. ಈ ಸಮೀಕ್ಷೆಯಲ್ಲಿ ಬಂದ ವಾದಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಪೂರ್ವಗ್ರಹ ಎಲ್ಲರಿಗೂ ಇದೆ. ಪ್ರಶ್ನಿಸಲಾಗದ ಅಧಿಕಾರದ ಜೊತೆ ಅದು ಕೂಡಿದಾಗ ಹಾನಿ ಮಾಡುತ್ತದೆ. ಮನಸ್ಸನ್ನು ಶುದ್ಧ ಮಾಡುವುದಕ್ಕಿಂತ ಬಾಯಿ ಬಿಡುವವರ ಬೆನ್ನಿಗೆ ನಿಲ್ಲುವುದು ಸತ್ಯಕ್ಕೆ ಹೆಚ್ಚು ಹತ್ತಿರದ ದಾರಿ.

ಇತ್ಯರ್ಥವಾಗದೆ ಉಳಿದದ್ದು

ಆದರೂ ಕೆಲವು ಗಂಟುಗಳು ಬಿಚ್ಚಿಲ್ಲ. ಮೊದಲನೆಯದು, ಶಂಕರರು ಕೇಳಿದ್ದೇ. ಎಲ್ಲ ಅರಿವೂ ನಿಂತ ನೆಲದಿಂದ ಹುಟ್ಟುವುದಾದರೆ ‘ಈ ನೆಲ ಆ ನೆಲಕ್ಕಿಂತ ಹೆಚ್ಚು ಕಾಣಿಸುತ್ತದೆ’ ಎಂದು ತೀರ್ಮಾನಿಸುವುದು ಎಲ್ಲಿ ನಿಂತು? ಯಾವ ಮೂಲೆಯಿ‍ಂದಲೂ ಅಲ್ಲದ ನೋಟವೊಂದು ಬೇಕು ಎಂಬ ಹಂಬಲವನ್ನು ನಾವು ಬಿಡಲೂ ಆಗುವುದಿಲ್ಲ, ಪೂರೈಸಲೂ ಆಗುವುದಿಲ್ಲ ಎಂದು ಥಾಮಸ್ ನೇಗಲ್ 1986ರಲ್ಲಿ ಬರೆದರು. ಆ ಮಾತಿಗೆ ಸಮರ್ಪಕ ಪರಿಹಾರ ಯಾರೂ ಕೊಟ್ಟಿಲ್ಲ.

ಎರಡನೆಯದು ಯಂತ್ರದ್ದು. ಮನುಷ್ಯರ ಪಕ್ಷಪಾತ ತಪ್ಪಿಸಲು ಸಾಲ, ಕೆಲಸ, ಜಾಮೀನಿನ ತೀರ್ಮಾನಗಳನ್ನು ಕಂಪ್ಯೂಟರಿಗೆ ಒಪ್ಪಿಸುವುದು ಹೆಚ್ಚುತ್ತಿದೆ. ಆರೋಪಿ ಮತ್ತೆ ಅಪರಾಧ ಮಾಡುವನೇ ಎಂದು ಅಂದಾಜಿಸುವ ಅಮೆರಿಕದ ತಂತ್ರಾಂಶವೊಂದು ಕಪ್ಪುಜನರ ವಿಷಯದಲ್ಲಿ ಹೆಚ್ಚು ತಪ್ಪು ಎಚ್ಚರಿಕೆ ಕೊಡುತ್ತದೆ ಎಂದು 2016ರಲ್ಲಿ ಪತ್ರಕರ್ತರು ತೋರಿಸಿದಾಗ, ತಯಾರಕರು ಬೇರೊಂದು ಅಳತೆಯಲ್ಲಿ ಅದು ಸಮವಾಗಿದೆ ಎಂದರು. ಎರಡು ಗುಂಪುಗಳ ಮೂಲ ಪ್ರಮಾಣ ಬೇರೆಯಾಗಿರುವಾಗ ಎರಡೂ ಬಗೆಯ ಸಮತೆಯನ್ನು ಒಟ್ಟಿಗೆ ಸಾಧಿಸಲಾಗದು ಎಂಬುದನ್ನು ಸಂಶೋಧಕರು ಆಮೇಲೆ ಗಣಿತದಿಂದ ಸಾಬೀತು ಮಾಡಿದರು. ಯಾವ ಸಮತೆ ಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ.

ಮೂರನೆಯದು ನಮ್ಮ ಮುಂದೆ ಬಿಸಿಯಾಗಿಯೇ ಇದೆ. ಮಿಲ್ಲರ್ ಸಮಿತಿಯ ಪ್ರಶ್ನೆಗೆ ಅಂಕಿ ಅಂಶ ಒದಗಿಸಲೆಂದು 2015ರಲ್ಲಿ ಕರ್ನಾಟಕ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ ನಡೆಸಿತು. ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. ಸಂಖ್ಯೆ ಕಡಿಮೆ ಬಂತೆಂದ ಸಮುದಾಯಗಳು ಅದನ್ನು ಅವೈಜ್ಞಾನಿಕ ಎಂದವು, ಸಂಖ್ಯೆ ಹೆಚ್ಚು ಬಂದವರು ವೈಜ್ಞಾನಿಕ ಎಂದರು. 2025ರಲ್ಲಿ ಮತ್ತೆ ಎಣಿಕೆ ಆರಂಭವಾಯಿತು. ಎಣಿಸುವ ಮೊದಲೇ ಯಾವ ಒಳಪಂಗಡವನ್ನು ಯಾವ ಹೆಸರಿನಡಿ ಸೇರಿಸಬೇಕು ಎಂಬ ಜಗಳ ಎದ್ದಿತು. ಹೆಸರುಗಳ ಪಟ್ಟಿಯನ್ನು ಎಣಿಸಲ್ಪಡುವವರೇ ತೀರ್ಮಾನಿಸಬೇಕೋ, ತಜ್ಞರೋ, ಸರ್ಕಾರವೋ? ಮೂವರೂ ಮಾಡಿ ನೋಡಿದ್ದಾರೆ, ಯಾರ ಪಟ್ಟಿಯನ್ನೂ ಉಳಿದಿಬ್ಬರು ಒಪ್ಪಿಲ್ಲ.